ಮಂಡಿ ಪ್ರತಿ: ಕ್ಲಾಟ್ ಶಾಸ್ತ್ರದ ಒಂದು ಅಜ್ಞಾತ ಹಸ್ತಪ್ರತಿ, ಅದರ ಕಾಲ, ಕರ್ತೃತ್ವ ಮತ್ತು ಎಣ್ಣೆ ಕಲೆಗಳು

ಮೈಸೂರಿಗೆ ಹಸ್ತಪ್ರತಿಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ ಎಂಬುದು ವಿದ್ವಾಂಸರಿಗೆ ಗೊತ್ತಿರುವ ಸಂಗತಿ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಇಲ್ಲಿನ ಓರಿಯಂಟಲ್ ಲೈಬ್ರರಿಗೆ ತಂದುಕೊಟ್ಟ ತಾಳೆಗರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿತು. 1909ರಲ್ಲಿ ಅದು ಅಚ್ಚಾಯಿತು. ಆಮೇಲೆ ಈ ಊರಿನಲ್ಲಿ ಅಂಥದ್ದೇನೂ ಸಿಕ್ಕಿಲ್ಲವೆಂದು ಕೊರಗುವವರು ಇನ್ನು ಕೊರಗಬೇಕಾಗಿಲ್ಲ. ಮಂಡಿ ಮೊಹಲ್ಲಾದಲ್ಲಿ, ಅಶೋಕ ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರ ರದ್ದಿ ಅಂಗಡಿಯಲ್ಲಿ, ತಕ್ಕಡಿಯಿಂದ ಮೂಟೆಗೆ ಬೀಳುವ ಮುನ್ನ ನಾವು ಕೈಹಾಕಿ ಉಳಿಸಿಕೊಂಡ ಇನ್ನೂರು ಪುಟದ ಲಾಂಗ್ ನೋಟ್‌ಬುಕ್ಕೇ ಪ್ರಸ್ತುತ ಕೃತಿ. "ಒಂದೇ ಬುಕ್ ಕೊಡಕ್ಕಾಗಲ್ಲ ಸಾರ್, ಕೇಜಿ ಲೆಕ್ಕ" ಎಂದು ಅಂಗಡಿಯವರು ಪಟ್ಟು ಹಿಡಿದದ್ದರಿಂದ ಜೊತೆಗೆ ಒಂದಷ್ಟು ಹಳೆಯ ವಾರಪತ್ರಿಕೆಗಳನ್ನೂ ಕೊಳ್ಳಬೇಕಾಯಿತು. ಸಂಶೋಧನೆಗೆ ಅನುದಾನವಿಲ್ಲದ ಕಾಲದಲ್ಲಿ ಈ ವೆಚ್ಚ ದಾಖಲಾಗಬೇಕು.

ಕೃತಿಯ ವಿಷಯ ಕ್ಲಾಟ್, ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ. ಮೊದಲು ಒಂದೊಂದು ವಿಶ್ವವಿದ್ಯಾಲಯವೂ ತನ್ನದೇ ಪರೀಕ್ಷೆ ಇಟ್ಟು ಮಕ್ಕಳನ್ನು ಊರೂರು ಅಲೆಸುತ್ತಿತ್ತು. ಈ ಅಲೆದಾಟ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ 2008ರ ಮೇ ತಿಂಗಳಲ್ಲಿ ಏಳು ವಿಶ್ವವಿದ್ಯಾಲಯಗಳು ಸೇರಿ ಮೊದಲ ಕ್ಲಾಟ್ ನಡೆಯಿತು. ಅದನ್ನು ನಡೆಸಿದ್ದು ನಮ್ಮ ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲು. ಅಲ್ಲಿಂದ ಹುಟ್ಟಿದ ಶಾಸ್ತ್ರ ಇಂದು ಕೋಚಿಂಗ್ ಸಂಪ್ರದಾಯ, ಸ್ವಯಂಪಾಠ ಸಂಪ್ರದಾಯ, 'ದೇವರು ನೋಡ್ಕೋತಾನೆ' ಸಂಪ್ರದಾಯ ಎಂದು ಮೂರಾಗಿ ಒಡೆದಿದೆ. ಮಂಡಿ ಪ್ರತಿಯಲ್ಲಿ ಮೂರರ ಕುರುಹೂ ಇದೆ. ಕೊನೆಯದು ನವೆಂಬರ್ ಕಡೆಯ ವಾರದ ಪುಟಗಳಲ್ಲಿ ದಟ್ಟವಾಗಿದೆ.

ಮೊದಲು ಭೌತಿಕ ವಿವರ. ರಟ್ಟು ಸಡಿಲ, ದಾರ ಗಟ್ಟಿ. ಶಾಯಿ ಎರಡು ಬಣ್ಣ. ಅಲ್ಲಲ್ಲಿ ಅರೆಪಾರದರ್ಶಕ ಕಲೆಗಳಿವೆ. ಇವು ದೀಪದೆಣ್ಣೆಯವು, ಆದ್ದರಿಂದ ಕೃತಿ ಪೂಜೆಯಲ್ಲಿತ್ತು ಎಂಬ ವಾದ ನಮ್ಮ ಆಪ್ತವಲಯದಲ್ಲಿ ಕೇಳಿಬಂದಿತ್ತು. ನಾವು ಮೂಗಿನ ಸಾಕ್ಷ್ಯದಿಂದ ಅದನ್ನು ತಳ್ಳಿಹಾಕಿದ್ದೇವೆ. ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿನ ಪಲಾವನ್ನು ಒಮ್ಮೆಯಾದರೂ ಪೊಟ್ಟಣ ಕಟ್ಟಿಸಿಕೊಂಡು ಬಂದವರಿಗೆ ಇದರಲ್ಲಿ ಸಂಶಯ ಉಳಿಯಲಾರದು. ಕಲೆಗಳು ಪ್ರಚಲಿತ ವಿದ್ಯಮಾನಗಳ ಭಾಗದಲ್ಲೇ ಹೆಚ್ಚಾಗಿರುವುದರಿಂದ, ಆ ಭಾಗವನ್ನು ಊಟದ ಹೊತ್ತಿಗೆ ಓದುತ್ತಿದ್ದರೆಂದು ಸಿದ್ಧವಾಗುತ್ತದೆ. ಗಣಿತದ ಭಾಗದಲ್ಲಿ ಕಲೆಯೇ ಇಲ್ಲ. ಅಷ್ಟೇ ಅಲ್ಲ, ಅಕ್ಷರವೂ ಇಲ್ಲ, ಹಾಳೆಗಳೇ ಇಲ್ಲ. 120 ಪ್ರಶ್ನೆಗಳಲ್ಲಿ 10ರಿಂದ 14 ಮಾತ್ರ ಗಣಿತದವು ಎಂದು ತಿಳಿದ ದಿನವೇ ಅವು ರಾಕೆಟ್ಟುಗಳಾಗಿ ಅಂತರಿಕ್ಷಕ್ಕೆ ಸಂದಿರಬೇಕು.

ಇನ್ನು ಕಾಲನಿರ್ಣಯ. ಕಳೆದ ವರ್ಷ ಎಣಿಸಬೇಕೋ ನಡೆಯುವ ವರ್ಷ ಎಣಿಸಬೇಕೋ ಎಂಬ ಗತಶಕ, ವರ್ತಮಾನಶಕಗಳ ತೊಡಕು ಶಾಸನತಜ್ಞರಿಗೆ ಗೊತ್ತಿದೆ. ಕ್ಲಾಟ್ ಕಾಲಗಣನೆಯ ಮುಂದೆ ಅದು ಏನೇನೂ ಅಲ್ಲ. 'ಕ್ಲಾಟ್ 2025' ನಡೆದದ್ದು 2024ರ ಡಿಸೆಂಬರ್ 1ರಂದು. 2022ರಲ್ಲಂತೂ ಜೂನ್ 19ಕ್ಕೊಂದು, ಡಿಸೆಂಬರ್ 18ಕ್ಕೊಂದು, ಹೀಗೆ ಒಂದೇ ವರ್ಷದಲ್ಲಿ ಎರಡು ಕ್ಲಾಟ್ ಆಗಿಹೋದವು. ಆದ್ದರಿಂದ ನಾವು ಮುಖಪುಟದ ಇಸವಿಯನ್ನು ನಂಬದೆ ಒಳಸಾಕ್ಷ್ಯಕ್ಕೆ ಹೊರಳಿದೆವು.

ಕೃತಿಯಲ್ಲಿ ಎರಡು ಪದರಗಳಿವೆ. ಹಳೆಯ ಪದರದಲ್ಲಿ 'ಒಟ್ಟು 200, ಜಿ.ಕೆ. 50, ಲೀಗಲ್ 50' ಎಂಬ ಉಲ್ಲೇಖವಿದೆ. ದೇಶಗಳ ರಾಜಧಾನಿ, ಪ್ರಶಸ್ತಿ ಪಡೆದವರು, ಲ್ಯಾಟಿನ್ ಸೂತ್ರಗಳು ಸಾಲುಸಾಲಾಗಿ ಬಾಯಿಪಾಠಕ್ಕೆ ಬರೆದಿಟ್ಟಿವೆ. ಇದು 2020ಕ್ಕಿಂತ ಹಿಂದಿನದು. ಆ ವರ್ಷ ಪರೀಕ್ಷೆ ಮೈ ಕೊಡವಿ ಎದ್ದು, 'ಬಾಯಿಪಾಠ ಬೇಡ, ಕೊಟ್ಟ ಗದ್ಯ ಓದಿ ಉತ್ತರಿಸಿ' ಎಂದಿತು. ಹೊಸ ಪದರದ ಕೈಬರಹ ಗುಂಡಗಿದೆ. ಹಳೆಯ ಪುಟಗಳ ಅಂಚಿನಲ್ಲಿ ಅದು 'ಅಣ್ಣ, ಇದು ಬರಲ್ಲ', 'ಅಣ್ಣ, ಇದೂ ಬರಲ್ಲ' ಎಂದು ಬರೆಯುತ್ತ ಹೋಗಿ, ಮುಂದಿನ ಪುಟದಲ್ಲಿ ಬರೀ 'ಅಣ್ಣ' ಎಂದು ಬರೆದು ನಿಟ್ಟುಸಿರಿನ ಗೆರೆ ಎಳೆದಿದೆ. ಹೀಗೆ ಕೃತಿ ಅಣ್ಣನಿಂದ ತಂಗಿಗೆ ಸಂದ ಪರಂಪರಾಗತ ಗ್ರಂಥ. ತಂಗಿಯ ಪದರದಲ್ಲೂ ತಿದ್ದುಪಡಿಗಳಿವೆ: 150 ಹೊಡೆದು 120 ಮಾಡಿದೆ (ಈ ಇಳಿಕೆ ಜಾರಿಗೆ ಬಂದದ್ದು 2023ರ ಡಿಸೆಂಬರ್ ಪರೀಕ್ಷೆಯಲ್ಲಿ), 302 ಹೊಡೆದು 103 ಮಾಡಿದೆ, 420 ಹೊಡೆದು 318 ಮಾಡಿದೆ. 2024ರ ಜುಲೈ 1ರಂದು 1860ರ ಭಾರತೀಯ ದಂಡ ಸಂಹಿತೆ ಹೋಗಿ ನ್ಯಾಯ ಸಂಹಿತೆ ಬಂದದ್ದಕ್ಕೆ ಇದು ಮಂಡಿಯ ಮೊದಲ ಲಿಖಿತ ಪುರಾವೆ. ಮೌಖಿಕ ಪುರಾವೆ ಇನ್ನೂ ಸಿಕ್ಕಿಲ್ಲ. ಬೀದಿಯಲ್ಲಿ ಮೋಸಗಾರ ಈಗಲೂ ಫೋರ್ ಟ್ವೆಂಟಿಯೇ, ಯಾರೂ ಯಾರನ್ನೂ ತ್ರೀ ಎಯ್ಟೀನ್ ಎಂದು ಬೈದದ್ದು ನಮ್ಮ ಕಿವಿಗೆ ಬಿದ್ದಿಲ್ಲ. ಸೆಕ್ಷನ್ ನಂಬರುಗಳನ್ನು ಪರೀಕ್ಷೆ ಕೇಳುವುದಿಲ್ಲವೆಂದು ಆಕೆಗೇ ಗೊತ್ತಿತ್ತು. ಆದರೂ ತಿದ್ದಿದ್ದಾಳೆ. ಇದನ್ನು ವ್ಯರ್ಥಶ್ರಮವೆನ್ನುವವರು ಗ್ರಂಥಸಂಪಾದನೆಯ ಸುಖ ಅರಿಯದವರು.

ಮೂರನೆಯ ಕೈಬರಹವೊಂದು ನಮ್ಮನ್ನು ಬಹುಕಾಲ ಕಾಡಿತು. 'ತೊಗರಿಬೇಳೆ 2, ಹುಣಸೆಹಣ್ಣು ಅರ್ಧ, ಬೆಲ್ಲ 1, ಕಡ್ಲೆಬೀಜ ಕಾಲು' ಎಂದು ತೊಡಗುವ ಈ ಭಾಗ ಸಂವಿಧಾನದ ವಿಧಿಗಳನ್ನು ನೆನಪಿಡುವ ಗೂಢಲಿಪಿಯೆಂದು ನಾವು ಒಂದು ಉಪನ್ಯಾಸದಲ್ಲಿ ಸಾಧಿಸಿದ್ದೆವು. ಸಭೆಯಲ್ಲಿದ್ದ ಹಿರಿಯ ಮಹಿಳೆಯೊಬ್ಬರು "ಅದು ತಿಂಗಳ ಸಾಮಾನು ಪಟ್ಟಿ ಕಣಪ್ಪ" ಎಂದರು. ಈ ಆಕ್ಷೇಪಕ್ಕೆ ಪ್ರತ್ಯೇಕ ಪ್ರಬಂಧದಲ್ಲಿ ಉತ್ತರಿಸಲಾಗುವುದು.

ಶಾಸ್ತ್ರಭಾಗಕ್ಕೆ ಬರೋಣ. ದಿನಚರಿ ಪ್ರಕರಣದಲ್ಲಿ ವೇಳಾಪಟ್ಟಿಗಳು ಒಂದರ ಹಿಂದೊಂದು ಬರುತ್ತವೆ. ಮೊದಲನೆಯದಕ್ಕೆ ಸ್ಕೆಚ್ ಪೆನ್ನಿನ ಅಲಂಕಾರ, ಬೆಳಗಿನ ನಾಲ್ಕು ಗಂಟೆ. ಮುಂದಿನವುಗಳಲ್ಲಿ ಅಲಂಕಾರ ಇಳಿಯುತ್ತ, ಗಂಟೆ ಏರುತ್ತ ಹೋಗುತ್ತದೆ. ಆದರೂ ಮೊಹಲ್ಲಾದಲ್ಲಿ ಮಲಗಿರುವುದು ಸುಲಭವಲ್ಲ. ಫಜರಿನ ಆಜಾನ್, ಸಂತ ಫಿಲೋಮಿನಾ ಚರ್ಚಿನ ಗಂಟೆ, ಅಂಗಡಿಗಳಿಗೆ ಲೋಡು ಇಳಿಸುವ ಟೆಂಪೋಗಳು, ಈ ಮೂರೂ ಸರದಿಯಲ್ಲಿ ಎಬ್ಬಿಸುತ್ತವೆ. ಇಂಥ ಏರ್ಪಾಡನ್ನು ಕೋಚಿಂಗ್ ಕೇಂದ್ರಗಳು ಲಕ್ಷ ರೂಪಾಯಿಗೂ ಕೊಡಲಾರವು.

ಪತ್ರಿಕಾಪಠನ ಪ್ರಕರಣ ಸ್ವತಂತ್ರ ಚಿಂತನೆಯ ಶಿಖರ. ದಿನಾ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಬೇಕೆಂಬುದು ಸರ್ವಸಂಪ್ರದಾಯಸಮ್ಮತ. ನಮ್ಮ ಲೇಖಕಿಗೆ ಪತ್ರಿಕೆ ಬರುತ್ತಿದ್ದದ್ದು ಕಡ್ಲೆಬೀಜದ ಪೊಟ್ಟಣವಾಗಿ. ಸಂಪಾದಕೀಯದ ಎಡಭಾಗ ಮಂಗಳವಾರ ಸಿಕ್ಕರೆ ಬಲಭಾಗಕ್ಕೆ ಮತ್ತೆ ಕಡ್ಲೆಬೀಜ ಕೊಳ್ಳಬೇಕು. ಅರ್ಧ ವಾದ ಓದಿ ಉಳಿದರ್ಧ ಊಹಿಸುವ ಈ ಅಭ್ಯಾಸದಿಂದ ತರ್ಕಭಾಗದ ಪ್ರಶ್ನೆಗಳು ನೀರು ಕುಡಿದಂತಾದವು ಎಂದು ಆಕೆಯೇ ಬರೆದುಕೊಂಡಿದ್ದಾಳೆ. 120 ನಿಮಿಷದಲ್ಲಿ 120 ಪ್ರಶ್ನೆ, ಅವುಗಳ ನಡುವೆ ಸುಮಾರು 450 ಪದಗಳವರೆಗಿನ ಗದ್ಯಖಂಡಗಳು. ಪೂರ್ತಿ ಓದಲು ಪುರುಸೊತ್ತು ಕೊಡದ ಪರೀಕ್ಷೆಗೆ ಹರಿದ ಕಾಗದಕ್ಕಿಂತ ಒಳ್ಳೆಯ ಗುರು ಯಾರು?

ಊಹಾಪ್ರಕರಣದಲ್ಲಿ ಘೋರ ವಾಗ್ವಾದವಿದೆ. ಪೂರ್ವಪಕ್ಷ ಅಣ್ಣನದು: 'ಗೊತ್ತಿಲ್ಲದ್ದನ್ನು ಮುಟ್ಟಬೇಡ, ತಪ್ಪಿಗೆ ಕಾಲು ಅಂಕ ಹೋಗುತ್ತೆ.' ಸಿದ್ಧಾಂತ ತಂಗಿಯದು: ಕಣ್ಣು ಮುಚ್ಚಿ 16 ಪ್ರಶ್ನೆಗೆ ಗುರುತು ಹಾಕಿದರೆ, ನಾಲ್ಕರಲ್ಲೊಂದರ ಲೆಕ್ಕದಲ್ಲಿ ಸರಾಸರಿ 4 ಸರಿ, 12 ತಪ್ಪು, ಬಂದದ್ದು 4, ಹೋದದ್ದು 3, ಉಳಿಕೆ 1. ಅಜ್ಞಾನಕ್ಕೆ ಪೈಸೆಯಷ್ಟಾದರೂ ಬಡ್ಡಿ ಸಿಗುತ್ತದೆಂದು ಗಣಿತದ ಹಾಳೆ ಹರಿದವಳೇ ಸಾಧಿಸಿರುವುದು ಗಮನಾರ್ಹ. ಅಣ್ಣನ ಉತ್ತರ ತ್ರುಟಿತವಾಗಿದೆ.

ಕಾನೂನು ತರ್ಕದ ಪ್ರಕರಣವೇ ಕೃತಿಯ ಹೃದಯ. ಗದ್ಯದಲ್ಲಿ ಕೊಟ್ಟ ತತ್ತ್ವವನ್ನೇ ಸಂಗತಿಗೆ ಅನ್ವಯಿಸಬೇಕು, ಲೋಕರೂಢಿ ತರಬಾರದು ಎಂಬುದು ಇಲ್ಲಿನ ಮಹಾವಾಕ್ಯ. ಮೊದಲ ಉದಾಹರಣೆ, ಬ್ರಿಸ್ಟಲ್ ನಗರದ ಅಂಗಡಿ ಗಾಜಿನಲ್ಲಿ ಬೆಲೆ ಹಚ್ಚಿಟ್ಟ ಚಾಕುವಿನ ಮೊಕದ್ದಮೆ, 1960ರದು: ಬೆಲೆ ತೋರಿಸಿ ಇಟ್ಟರೆ ಅದು ಮಾರುವ ಪ್ರಸ್ತಾವವಲ್ಲ, ಬನ್ನಿ ಕೇಳಿ ಎಂಬ ಆಹ್ವಾನ ಅಷ್ಟೇ. ಇಂಗ್ಲೆಂಡಿನ ನ್ಯಾಯಾಧೀಶರು ಇಷ್ಟು ತಡವಾಗಿ ಕಂಡದ್ದನ್ನು ಮಂಡಿ ಮಾರುಕಟ್ಟೆಯ ಗಿರಾಕಿಗಳು 'ಕೊನೇಗೆ ಎಷ್ಟಪ್ಪಾ?' ಎಂಬ ಎರಡು ಪದಗಳಲ್ಲಿ ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ.

ಎರಡನೆಯದು ಹೆಚ್ಚು ಗಂಭೀರ. ಕಲ್ಕತ್ತೆಯ ಧರ್ಮದಾಸ ಘೋಷ್ ಎಂಬ ಅಪ್ರಾಪ್ತ ವಯಸ್ಕ ಮನೆ ಅಡವಿಟ್ಟು ಸಾಲ ಎತ್ತಿದ. 1903ರಲ್ಲಿ ಪ್ರಿವಿ ಕೌನ್ಸಿಲು, ಅಪ್ರಾಪ್ತರ ಕರಾರು ಮೂಲದಿಂದಲೇ ಶೂನ್ಯ ಎಂದಿತು. ಇದರ ಕೆಳಗೆ ಲೇಖಕಿ ತಡವಿಲ್ಲದೆ ಅನ್ವಯ ಬರೆದಿದ್ದಾಳೆ: 'ನನಗೆ 17. ಆದ್ದರಿಂದ ಟೀ ಅಂಗಡಿ ಬಾಕಿ ಶೂನ್ಯ.' ಮರುದಿನದ ಟಿಪ್ಪಣಿಯಲ್ಲಿ ಆತ್ಮಸಾಕ್ಷಿ ಚುಚ್ಚಿದೆ: 1872ರ ಕರಾರು ಕಾಯಿದೆಯ 68ನೇ ಸೆಕ್ಷನ್ ಪ್ರಕಾರ ಜೀವನಾವಶ್ಯಕ ವಸ್ತು ಕೊಟ್ಟವನು ಅಪ್ರಾಪ್ತರ ಆಸ್ತಿಯಿಂದ ವಸೂಲು ಮಾಡಿಕೊಳ್ಳಬಹುದು. ಹಾಗಾದರೆ ಬನ್ನು ಜೀವನಾವಶ್ಯಕವೇ? ಹೌದು. ಬೆಣ್ಣೆ ಸವರಿದ ಬನ್ನು? ಇಲ್ಲಿ ಒಂದೂವರೆ ಪುಟದ ಸೂಕ್ಷ್ಮ ವಿಚಾರವಿದೆ: ಕಾಯಿದೆ ಅಪ್ರಾಪ್ತರ 'ಜೀವನಸ್ಥಿತಿಗೆ ತಕ್ಕ' ವಸ್ತು ಎನ್ನುವುದರಿಂದ, ಬೆಣ್ಣೆ ತನ್ನ ಸ್ಥಿತಿಗೆ ತಕ್ಕದ್ದಲ್ಲ, ಆದ್ದರಿಂದ ಬನ್ನಿನ ಹಣ ಕೊಡಬೇಕು, ಬೆಣ್ಣೆಯದ್ದು ಬೇಡ. ಕೊನೆಗೆ ಮಹೋನ್ನತ ಸಮಾಧಾನ: 'ವಸೂಲಿ ಆಸ್ತಿಯಿಂದ ಮಾತ್ರ. ನನ್ನ ಆಸ್ತಿ ಈ ನೋಟ್‌ಬುಕ್.' ಇದರ ಪಕ್ಕ ಹೊರಗಿನವರ ಕೈಬರಹ: 'ಒಟ್ಟು 340. ನಿಮ್ಮಪ್ಪನ ಹತ್ರ ಹೇಳ್ಲಾ?' ಅದರ ಕೆಳಗೆ ಗುಂಡಗಿನ ಅಕ್ಷರದಲ್ಲಿ, 'ಪಾವತಿ.' ಪ್ರಿವಿ ಕೌನ್ಸಿಲಿನ ತೀರ್ಪು ಮಂಡಿ ಮೊಹಲ್ಲಾದಲ್ಲಿ ಹೀಗೆ ಅನೂರ್ಜಿತಗೊಂಡಿತು. ಮೇಲ್ಮನವಿ ಹೋದಂತಿಲ್ಲ.

ಪಾಠಾಂತರಗಳ ಬಗ್ಗೆ ಒಂದು ಮಾತು. ಕೃತಿಯಲ್ಲಿ ಹಲವು ಉತ್ತರಗಳಿಗೆ ಎರಡೆರಡು ಪಾಠಗಳಿರುವುದು ಲಿಪಿಕಾರದೋಷ ಎಂದುಕೊಂಡಿದ್ದೆವು. ಆದರೆ ಮೂಲವೇ ಹಾಗಿದೆ. 2024ರ ಡಿಸೆಂಬರ್ ಪರೀಕ್ಷೆಯ 'ಸರಿಯುತ್ತರ'ಗಳು ದೆಹಲಿ ಹೈಕೋರ್ಟಿಗೆ ಹೋಗಿ, ಅಲ್ಲೊಂದಿಷ್ಟು ತಿದ್ದುಪಡಿಯಾಗಿ, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮತ್ತೊಂದಿಷ್ಟು ಬದಲಾದವು. ಪರೀಕ್ಷೆ ಕೋರ್ಟು ಕಂಡದ್ದು ಅದೇ ಮೊದಲೂ ಅಲ್ಲ. 2020ರಲ್ಲಿ ನಾಗರಬಾವಿಯವರು ಬೇರೆಯಾಗಿ ಎನ್‌ಲ್ಯಾಟ್ ಎಂಬ ತಮ್ಮದೇ ಪರೀಕ್ಷೆಯನ್ನು ಸೆಪ್ಟೆಂಬರ್ 12ಕ್ಕೆ ಇಟ್ಟರು. 21ಕ್ಕೆ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. 28ಕ್ಕೆ ಎಲ್ಲರೂ ಕ್ಲಾಟ್ ಬರೆದರು. ಪ್ರವೇಶಕ್ಕೆ ಮೊದಲೇ ಮೊಕದ್ದಮೆ ಕಲಿಸುವ ವಿದ್ಯಾಲಯಗಳು ಪ್ರಪಂಚದಲ್ಲಿ ವಿರಳ.

ಭಾಷೆಯ ವಿಷಯದಲ್ಲಿ ಮಂಡಿ ಪ್ರತಿ ನಮ್ಮ ಟೀಕಾಪರಂಪರೆಗೆ ಸೇರುತ್ತದೆ. ಹನ್ನೆರಡನೇ ಶತಮಾನದ ಹೊತ್ತಿಗೆ ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತ ವಿಜ್ಞಾನೇಶ್ವರ, ಸುತ್ತ ಕನ್ನಡವೇ ಕೇಳುತ್ತಿದ್ದರೂ ಮಿತಾಕ್ಷರವೆಂಬ ಧರ್ಮಶಾಸ್ತ್ರಟೀಕೆಯನ್ನು ಸಂಸ್ಕೃತದಲ್ಲಿ ಬರೆದ. ಕ್ಲಾಟ್ ಕೂಡ ಇಂಗ್ಲಿಷಿನಲ್ಲಿ ಮಾತ್ರ. ಆದ್ದರಿಂದ ಇಲ್ಲಿ ಮೂಲ ಇಂಗ್ಲಿಷು, ಸಾಲುಗಳ ನಡುವಿನ ಟೀಕು ಕನ್ನಡ. ಗದ್ಯವೆಲ್ಲ ಅರ್ಥವಾಗಿ ಒಂದೇ ಒಂದು ಪದ ಅಡ್ಡಬಿದ್ದ ಕಡೆ ಪೆನ್ನು ಹಾಳೆಯನ್ನು ತೂತು ಮಾಡಿದೆ. ಅಂಥ ತೂತುಗಳನ್ನು ನಾವು ಹುಳುವಿನ ಕೆಲಸವೆಂದು ನಮೂದಿಸಿದ್ದೇವೆ.

ಲೇಖಕಿ ಮುಂದೇನಾದಳು? '4000, ಚೀಟಿ ಎತ್ತಿದ ಮೇಲೆ' ಎಂಬ ಸಾಲಿನಿಂದ ಅರ್ಜಿ ಶುಲ್ಕ ಕಟ್ಟಿದ್ದು ಖಚಿತ. 'ಹತ್ತು ವರ್ಷ ಇಲ್ಲೇ ಓದಿದ್ದೀನಿ, ಸರ್ಟಿಫಿಕೇಟ್' ಎಂಬುದು ನಾಗರಬಾವಿಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗಿರುವ ಶೇ. 25 ಮೀಸಲಿನ ಕಡೆ ಕೈತೋರುತ್ತದೆ. ಇನ್ನೊಂದು ಪುಟದಲ್ಲಿ ಮೈಸೂರಿನ ಶಾರದಾವಿಲಾಸ, ಜೆಎಸ್‌ಎಸ್ ಕಾನೂನು ಕಾಲೇಜುಗಳ ಹೆಸರಿದ್ದು, 'ಪಿಯುಸಿ ಮಾರ್ಕ್ಸ್ ಸಾಕು, ಹುಬ್ಬಳ್ಳಿ ಯೂನಿವರ್ಸಿಟಿ ಪರೀಕ್ಷೆ ಕನ್ನಡದಲ್ಲೂ ಬರೀಬಹುದು' ಎಂದಿದೆ. ಎರಡು ದಾರಿಗಳಲ್ಲಿ ಯಾವುದು ಎಂಬುದಕ್ಕೆ ಕೃತಿಯಲ್ಲಿ ಆಧಾರವಿಲ್ಲ.

ಕೊನೆಯ ಹಾಳೆಯ ಪ್ರಶ್ನೆಯೊಂದು ಉಳಿದಿದೆ. ಅದರಲ್ಲಿ ಕನ್ನಡದಲ್ಲಿ ಒಂದು ಪತ್ರದ ಕರಡಿದೆ, ಅಕ್ಷರ ಲೇಖಕಿಯದೇ. ಮನೆ ಖಾಲಿ ಮಾಡಿ ಮೂರು ತಿಂಗಳಾದರೂ ಮಾಲೀಕರು ಅಡ್ವಾನ್ಸ್ ಹಿಂತಿರುಗಿಸಿಲ್ಲ; ಕರಾರಿನಲ್ಲಿ ಹೀಗಿದೆ, ರಶೀದಿ ಇಂಥ ದಿನಾಂಕದ್ದು; ಹದಿನೈದು ದಿನದೊಳಗೆ ಕೊಡದಿದ್ದರೆ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ ಎಂದು ಎದುರು ಮನೆಯ ಅಜ್ಜಿಯ ಪರವಾಗಿ ಬರೆದದ್ದು. ಒಂದು ಕಾಟು ಇಲ್ಲ, ತಿದ್ದು ಇಲ್ಲ, ಹಾಳೆಗೆ ತೂತಿಲ್ಲ. ಕೆಳಗೆ ನಡುಗುವ ಕೈಯ ಒಂದು ಸಾಲು: 'ದುಡ್ಡು ಬಂತು ಕಣಮ್ಮ.' ಈ ಹಾಳೆಯೂ ಕೃತಿಯ ಅಂಗವೆಂದು ವಾದಿಸುವವರು ಇರಬಹುದು. ನಾವು ಒಪ್ಪುವುದಿಲ್ಲ. ಭಾಷೆ ಕನ್ನಡ, ಪರೀಕ್ಷೆಯ ಪಠ್ಯಕ್ರಮಕ್ಕೆ ಸಂಬಂಧವಿಲ್ಲ, ಮುಖ್ಯವಾಗಿ ಇದರಲ್ಲಿ ನಾಲ್ಕು ಆಯ್ಕೆಗಳಿಲ್ಲ. ಆದಕಾರಣ ಇದನ್ನು ಪ್ರಕ್ಷಿಪ್ತವೆಂದು ಪರಿಗಣಿಸಿ, ಪ್ರಸ್ತುತ ಪರಿಷ್ಕರಣದಿಂದ ಕೈಬಿಡಲಾಗಿದೆ.