ಉಣಕಲ್ ಕೆರೆಯ ಅಂತರಗಂಗೆಯವರಿಗೆ

ಸೌಭಾಗ್ಯವತಿ ಅಂತರಗಂಗೆಯವರಿಗೆ,
ಮುಕ್ಕಾಂ ಉಣಕಲ್ ಕೆರೆ, ಹುಬ್ಬಳ್ಳಿ.

ಉಭಯಕುಶಲೋಪರಿ ಸಾಂಪ್ರತ. ಇತ್ತ ನಾವು ಬಿಆರ್‌ಟಿಎಸ್ ಬಸ್ಸಿನ ಕಿಟಕಿಯಿಂದ ನಿಮ್ಮ ದರ್ಶನ ಪಡೆಯುತ್ತ ಆರಾಮ ಇದ್ದೇವೆ. ಅತ್ತ ನೀವು ಹೇಗಿದ್ದೀರಿ ಎಂದು ಕೇಳುವ ಅಗತ್ಯವಿಲ್ಲ, ಕಣ್ಣಿಗೇ ಕಾಣುತ್ತದೆ.

ಪತ್ರ ಬರೆದದ್ದು ಅಭಿನಂದನೆ ಹೇಳಲು. ಒಂದು ಜೀವಿ ಉಳಿಯಬೇಕಾದರೆ ಅದಕ್ಕೊಂದು ನೆಲೆ ಬೇಕು, ಹೊಟ್ಟೆ ತುಂಬ ಆಹಾರ ಬೇಕು, ಓಡಾಡಲು ಕಾರಿಡಾರ್ ಬೇಕು, ಬೇಟೆಯಾದ ಮೇಲೂ ಸಂತತಿ ಮುಂದುವರಿಯುವಷ್ಟು ತಳಿ ಉಳಿದಿರಬೇಕು ಎಂದು ವನ್ಯಜೀವಿ ತಜ್ಞರು ಪುಸ್ತಕ ಬರೆದಿದ್ದಾರೆ. ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಆ ಪುಸ್ತಕ ಅಕ್ಷರಶಃ ಜಾರಿಯಾಗಿರುವುದು ನಿಮ್ಮೊಬ್ಬರ ವಿಷಯದಲ್ಲಿ.

ಜಲಕಳೆಯಾದ ನೀವು ಮೂಲತಃ ಅಮೆಜಾನ್ ಸೀಮೆಯವರು. ಆ ನೇರಳೆ ಹೂವು, ಅದರ ಮೇಲಿನ ಎಸಳಿನಲ್ಲಿ ನವಿಲುಗರಿಯ ಕಣ್ಣಿನ ಹಾಗೆ ಹಳದಿ ಬೊಟ್ಟು. ಅದಕ್ಕೆ ಮರುಳಾದವರು ಯಾರೋ ಹತ್ತೊಂಬತ್ತನೇ ಶತಮಾನದ ಕೊನೆಗೆ ನಿಮ್ಮನ್ನು ಬಂಗಾಳಕ್ಕೆ ಕರೆತಂದರು. ಅಲ್ಲಿಂದ ಇಲ್ಲಿಯವರೆಗೆ ಬಂದು, ಸುಮಾರು 200 ಎಕರೆಯ ಕೆರೆಯಲ್ಲಿ ಮನೆ ಮಾಡಿದಿರಿ. ಕೆರೆ ನಡುವೆ ಪ್ರತಿಮೆಯಾಗಿ ನಿಂತ ವಿವೇಕಾನಂದರಿಗೆ ಚಿಕಾಗೋದಲ್ಲೂ ಇಷ್ಟು ಒತ್ತೊತ್ತಾಗಿ ಕೂತ ಸಭೆ ಸಿಕ್ಕಿರಲಿಕ್ಕಿಲ್ಲ.

ಊಟದ ವ್ಯವಸ್ಥೆಯ ಬಗ್ಗೆ ನಾವೇ ಬೆನ್ನು ತಟ್ಟಿಕೊಳ್ಳಬೇಕು. ಸುತ್ತಲಿನ ಬಡಾವಣೆಗಳ ಬಚ್ಚಲು, ಕಕ್ಕಸು, ಬಟ್ಟೆ ತೊಳೆದ ನೊರೆ, ಹೀಗೆ ಸಾರಜನಕ, ರಂಜಕ ಎರಡೂ ಬೆರೆತ ಪಂಚಾಮೃತ ನಿಮಗೆ ಹರಿದು ಬರುತ್ತದೆ. ರೈತ ಯೂರಿಯಾ ಚೀಲಕ್ಕೆ ಪಾಳಿ ಹಚ್ಚಬೇಕು, ನಿಮಗೆ ಮನೆ ಬಾಗಿಲಿಗೇ ಪೂರೈಕೆ. ನಮ್ಮ ನಳಕ್ಕೆ ಎಷ್ಟೋ ಓಣಿಗಳಲ್ಲಿ ನಾಲ್ಕೈದು ದಿನಕ್ಕೊಮ್ಮೆ ನೀರು ಬಂದರೆ ಹಬ್ಬ; 24X7 ಯೋಜನೆಯ ಮಾತು ಕೇಳುತ್ತ ಒಂದು ಪೀಳಿಗೆ ದೊಡ್ಡದಾಯಿತು. ಆ ಯೋಜನೆ ಪೂರ್ಣ ಯಶಸ್ವಿಯಾದದ್ದು ನಿಮ್ಮಲ್ಲಿ. ಇಂಥ ಊಟ ಉಂಡು ಎರಡು ವಾರದಲ್ಲಿ ನೀವು ಇಮ್ಮಡಿಯಾದರೆ ಅದರಲ್ಲಿ ಆಶ್ಚರ್ಯವೇನು?

ಕಾರಿಡಾರ್ ಕೂಡ ಇದೆ. ಆನೆಗೆ ದಾರಿ ಬಿಡಿ ಎಂದು ಪರಿಸರದವರು ಗಂಟಲು ಹರಿದುಕೊಂಡರೂ ಆಗದ ಕೆಲಸ ಇಲ್ಲಿ ಉಣಕಲ್ ನಾಲಾದ ರೂಪದಲ್ಲಿ ಆಗಿದೆ. ಅದರ ಪಕ್ಕದಲ್ಲಿ ಫ್ರಾನ್ಸಿನ ನೆರವಿನಿಂದ ಹಸಿರು ಸಂಚಾರ ಕಾರಿಡಾರ್ ಎಂಬ ಸೈಕಲ್ ದಾರಿಯ ಯೋಜನೆ. ನೀವು ಒಳಗೆ, ನಾವು ಮೇಲೆ, ಇಬ್ಬರೂ ಹಸಿರು.

ಇನ್ನು ನಿಮ್ಮ ಬೇಟೆಯ ವಿಚಾರ. ತೆರವು ಕಾರ್ಯಾಚರಣೆಯನ್ನು ದಂಡೆಯಲ್ಲಿ ನಿಂತು ನೋಡಿದ್ದೇನೆ. ಸೊಂಟಮಟ ನೀರಿನಲ್ಲಿ ನಿಂತ ಕೂಲಿಯವ ನಿಮ್ಮನ್ನು ಬುಡಸಮೇತ ಎಳೆದಾಗ ಕರಿಬೇರಿನಿಂದ ರಾಡಿ ಸೋರುತ್ತದೆ. ಗಿಡದಿಂದ ಗಿಡಕ್ಕೆ ಹಬ್ಬಿದ ಹುರಿ ಲಟಕ್ಕನೆ ಮುರಿಯುತ್ತದೆ. ಹುರಿಯ ತುದಿಗಿದ್ದ ಅಂಗೈಯಷ್ಟು ಮರಿ, ಗಾಳಿ ತುಂಬಿದ ತೊಟ್ಟುಗಳ ಮೇಲೆ ತೇಲುತ್ತ ಆಚೆ ಹೋಗುತ್ತದೆ. ಅವನ ತಪ್ಪಲ್ಲ, ಅವನಿಗೆ ಕೊಟ್ಟದ್ದು ಎರಡು ಕೈ ಮಾತ್ರ. ದಂಡೆಯಲ್ಲಿ ರಾಶಿ, ರಾಶಿಯ ಮುಂದೆ ಫೋಟೋ. ಕೆಸರಿನಲ್ಲಿ ಹದಿನೈದು ಇಪ್ಪತ್ತು ವರ್ಷ ಮೊಳೆಯುವ ಶಕ್ತಿ ಇಟ್ಟುಕೊಳ್ಳುವ ನಿಮ್ಮ ಬೀಜ ಮಾತ್ರ ಫೋಟೋದಲ್ಲಿ ಬರುವುದಿಲ್ಲ.

ನಿಮ್ಮ ಶತ್ರು ಒಬ್ಬನಿದ್ದಾನೆ, ನೆನಪಿರಲಿ. 1980ರ ದಶಕದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ನಿಮ್ಮನ್ನೇ ತಿಂದು ಬದುಕುವ ಸೊಂಡಿಲು ಕೀಟವನ್ನು ಅಮೆರಿಕದಿಂದ ತರಿಸಿ, ಪರೀಕ್ಷಿಸಿ, ಬೆಂಗಳೂರು ಸುತ್ತಲಿನ ಕೆರೆಗಳಿಗೆ ಬಿಟ್ಟರು. ಕೆಲವೆಡೆ ಅದು ನಿಮ್ಮವರನ್ನು ಹಣ್ಣುಗಾಯಿ ನೀರುಗಾಯಿ ಮಾಡಿತು. ಹೆದರಬೇಡಿ. ಅದಕ್ಕೆ ವರ್ಷಗಟ್ಟಲೆ ಸಮಯ ಬೇಕು, ಇಷ್ಟು ಪುಷ್ಕಳ ಊಟವಿದ್ದಲ್ಲಿ ನಿಮ್ಮ ಬೆಳವಣಿಗೆಯ ಮುಂದೆ ಅದು ಸುಸ್ತು ಹೊಡೆಯುತ್ತದೆ. ಮೇಲಾಗಿ ಕಾಲಿಂಚಿಗಿಂತ ಚಿಕ್ಕ ಹುಳವನ್ನು ಉದ್ಘಾಟಿಸಲು ಯಾವ ಗಣ್ಯರೂ ಬರುವುದಿಲ್ಲ.

ಉಳಿದ ಜೀವಿಗಳಿಗೆ ನಿಮ್ಮ ಭಾಗ್ಯವಿಲ್ಲ. 2021ರ ಸೆಪ್ಟೆಂಬರಿನಲ್ಲಿ ಇದೇ ಊರಿನ ನೃಪತುಂಗ ಬೆಟ್ಟದ ಕಡೆ ಚಿರತೆಯೊಂದು ಕಾಣಿಸಿಕೊಂಡದ್ದೇ ತಡ, ಶಾಲೆಗಳಿಗೆ ರಜೆ, ಸುತ್ತಲೂ ಬೋನು. ಹುಬ್ಬಳ್ಳಿ-ಅಂಕೋಲಾ ರೈಲಿಗೆ ಸುಮಾರು 595 ಹೆಕ್ಟೇರ್ ಕಾಡು ಕೇಳಿದಾಗ, 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಮೊದಲು ಬೇಡವೆಂದು, ಕೆಲವೇ ದಿನಗಳಲ್ಲಿ ಆಗಲಿ ಎಂದಿತು. ಜೂನ್‌ನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಆ ಕಾಡಿನ ಮಂಗಟ್ಟೆಗೆ ವಕೀಲರು ಬೇಕಾಯಿತು. ನೀವು ಒಂದು ದಿನವೂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ.

ಕಾಗದದ ಮೇಲೆ ಎಲ್ಲರಿಗೂ ಜಾಗವಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಗೂ ಒಂದು ಸಮಿತಿ, ಒಂದು ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. 2020ರ ಜನವರಿ 31ರೊಳಗೆ ಮುಗಿಸದಿದ್ದರೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಎಂದು ಹಸಿರು ನ್ಯಾಯಮಂಡಳಿ ಗದರಿದ್ದೇ ತಡ, ದೇಶದ ತುಂಬ ದಾಖಲಾತಿಗಳು ಬೆಳೆದ ವೇಗ ನೋಡಿದ್ದರೆ ನೀವೇ ನಾಚುತ್ತಿದ್ದಿರಿ.

ಒಂದು ಸುದ್ದಿ ಕಿವಿಗೆ ಹಾಕುತ್ತೇನೆ. ಕೊಳಚೆಯನ್ನು ಕೆರೆಗೆ ಬೀಳುವ ಮೊದಲೇ ತಡೆದು ಶುದ್ಧ ಮಾಡಿರಿ, ಅಂತರಗಂಗೆ ತಾನಾಗಿಯೇ ಬಡವಾಗುತ್ತದೆ ಎಂದು ಕೆಲವು ತಲೆಕೆಟ್ಟ ಮಂದಿ ಹೇಳುತ್ತ ತಿರುಗುತ್ತಿದ್ದಾರೆ. ಗಾಬರಿ ಬೇಡ. ನೆಲದಡಿಯ ಪೈಪಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳಲು ಆಗುವುದಿಲ್ಲ.

ಇಂತಿ ನಿಮ್ಮ ಅನ್ನದಾತರಲ್ಲೊಬ್ಬ,
ನೀರಿನ ಕರ ಮುಂಗಡ ತುಂಬಿದವ

ತಾ.ಕ.: ಧಾರವಾಡದ ಕೆಲಗೇರಿ ಕೆರೆಯ ನಿಮ್ಮ ಬೀಗರಿಗೆ ಕೇಳಿದೆನೆಂದು ಹೇಳಿರಿ. ಅವರ ಊಟಕ್ಕೂ ಕಡಿಮೆ ಮಾಡಿಲ್ಲ.