ಭಾಷೆ ಬಾರದ ತಾಲ್ಲೂಕುಗಳು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಎಲ್ಲಿ ನೋಡಿದರೂ ಸ್ಪೋಕನ್ ಇಂಗ್ಲಿಷ್ ಬೋರ್ಡು. ಪಾಪ, ಇಲ್ಲಿಯ ಜನಕ್ಕೆ ಭಾಷೆ ಬರುವುದಿಲ್ಲವಂತೆ.

ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರನ್ನೇ ತಗೊಳ್ಳಿ. ಮನೆಯೊಳಗೆ ವಾಗ್ರಿ, ಅದು ಗುಜರಾತಿಯ ದೂರದ ನೆಂಟ. ಹೊಸಿಲು ದಾಟಿದರೆ ಕನ್ನಡ, ವ್ಯಾಪಾರಕ್ಕೆ ಹೊರಟರೆ ತಮಿಳು, ತೆಲುಗು, ಹಿಂದಿ. ತಲೆಗೂದಲಿನ ಎಣ್ಣೆ ಹೊತ್ತು ಆಫ್ರಿಕಾಕ್ಕೂ ಹೋಗುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಗುಂಡು ಹಾರಿ ಇವರು ಅಲ್ಲಿ ಸಿಕ್ಕಿಕೊಂಡ ಮೇಲಷ್ಟೇ ನಮ್ಮ ಟಿವಿಗಳಿಗೆ ಈ ಸುದ್ದಿ ಸಿಕ್ಕಿದ್ದು. ವ್ಯಾಕರಣ ಓದಿ ಹೊರಟವರಲ್ಲ. ಗಿರಾಕಿಯ ಹತ್ತಿರ ಚೌಕಾಸಿ ಮಾಡುತ್ತಲೇ ಕಲಿತವರು. ಆದರೆ ಜನಗಣತಿಯವರು ಮಾತೃಭಾಷೆಯ ಜೊತೆ ಇನ್ನೆರಡನ್ನು ಮಾತ್ರ ಬರೆದುಕೊಳ್ಳುತ್ತಾರೆ. ಮಿಕ್ಕವನ್ನು ಎಣ್ಣೆ ಬಾಟಲಿಗೇ ತುಂಬಿಕೊಳ್ಳಬೇಕು.

ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತನಿಗೆ 'ನೋ ಬಿಡ್' ಎಂಬ ಇಂಗ್ಲಿಷನ್ನು ಯಾವ ಟ್ಯೂಷನ್ನೂ ಕಲಿಸಲಿಲ್ಲ. ಕೊಳ್ಳುವವರಿಲ್ಲದೆ ಹರಾಜು ಕಟ್ಟೆಯಿಂದ ಒಂದು ಸಲ ಬೇಲು ವಾಪಸ್ಸು ಹೊತ್ತರೆ ಜನ್ಮಕ್ಕೆ ಸಾಕು.

ಬೈಲಕುಪ್ಪೆಗೆ ಟಿಬೆಟನ್ನರು ಬಂದು 60 ವರ್ಷ ದಾಟಿತು. ಅಲ್ಲೇ ಹುಟ್ಟಿದವರು ಮನೆಯಲ್ಲಿ ಟಿಬೆಟನ್, ಸಂತೆಯಲ್ಲಿ ಕನ್ನಡ ಆಡುತ್ತಾರೆ. ಇಷ್ಟು ವರ್ಷದ ನೆರೆಹೊರೆಯಲ್ಲಿ ನಾವು ಕಲಿತದ್ದು 'ಮೊಮೊ'. ಅದೂ ಬಾಯಿಗೆ ರುಚಿಯಾಗಿದ್ದಕ್ಕೆ.

ಇನ್ನು ನಿಜವಾದ ಭಾಷಾಪಂಡಿತರು ಇಂಗ್ಲಿಷ್ ಶಾಲೆಯ ಹಳದಿ ವ್ಯಾನಿನಲ್ಲಿ ಓಡಾಡುವ ಮಕ್ಕಳು. "ಪುಟ್ಟಾ, ಹ್ಯಾಂಡ್ ವಾಷ್ ಮಾಡ್ಕೊಂಡು ಆಪಲ್ ಈಟ್ ಮಾಡು" ಅನ್ನುತ್ತಾಳೆ ತಾಯಿ. ಅಜ್ಜಿ "ಉಂಡ್ಯೇನ್ಲಾ ಮಗಾ?" ಅಂದರೆ ಪುಟ್ಟನಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ "ಯೆಸ್". ಕೇಳಿಸಿಕೊಳ್ಳುವುದಕ್ಕೊಂದು ಭಾಷೆ, ಬಾಯಿಬಿಡುವುದಕ್ಕೆ ಇನ್ನೊಂದರ ಅರ್ಧ! ಅಪ್ಪ ಫೀಸಿನ ರಸೀತಿ ಮುಟ್ಟಿ ನೋಡಿ ಧನ್ಯನಾಗುತ್ತಾನೆ.

ಎಚ್.ಡಿ. ಕೋಟೆಯ ಕಾಡಂಚಿನ ಜೇನು ಕುರುಬರ ಹುಡುಗನಿಗೆ ಈ ಯೋಗವಿಲ್ಲ. ಮನೆಮಾತು ಒಂದು, ಪಕ್ಕದ ಹಾಡಿಯ ಗೆಳೆಯರಿಂದ ಕಲಿತ ಬೆಟ್ಟ ಕುರುಬರ ಮಾತು ಇನ್ನೊಂದು. ಕೇರಳ ಗಡಿಯ ಬಾವಲಿ ಕಡೆ ಅಂಗಡಿಗೆ ಹೋಗಿಬಂದರೆ ಮಲಯಾಳವೂ ಅಷ್ಟಿಷ್ಟು. ಶಾಲೆಗೆ ಬಂದರೆ ಪಠ್ಯಪುಸ್ತಕದ ಕನ್ನಡ ಎದುರಿಗೆ ನಿಲ್ಲುತ್ತದೆ. ಹುಡುಗ ಸುಮ್ಮನೆ ಕಿವಿಗೊಟ್ಟು ಕೂರುತ್ತಾನೆ. ಹೊಸ ಭಾಷೆಗೆ ಬಿದ್ದ ಎಷ್ಟೋ ಮಕ್ಕಳು ಸ್ವಲ್ಪ ಕಾಲ ಹಾಗೆಯೇ ಕೂರುವುದು. ಅಷ್ಟರಲ್ಲಿ ಅವನ ಹೆಸರಿನ ಮುಂದೆ 'ಮಂದ' ಅಂತ ಬಿದ್ದಿರುತ್ತದೆ. ಕಲಿಸುವವರಿಗೆ ಅವನ ಮಾತಿನ ಒಂದಕ್ಷರ ಬಾರದೆಂಬುದು ಯಾವ ದಾಖಲೆಗೂ ಏರುವುದಿಲ್ಲ.

ಮೇಷ್ಟ್ರೇ, ಮುಂದಿನ ಸಲ ಹಾಗೆ ಬರೆಯುವ ಮೊದಲು, ಅವನ ಮನೆಮಾತಿನಲ್ಲಿ ಒಂದು ಲೋಟ ನೀರು ಕೇಳಿ ನೋಡಿ.