ಭಾಮೈದ ಪ್ರತಿ: ರಾಮನಗರ ಸೀಮೆಯ ಕುರುಕ್ಷೇತ್ರ ಕ್ಯಾಸೆಟ್ಟುಗಳ ಗ್ರಂಥಸಂಪಾದನೆ

ಓಲೆಗರಿಗೆ ಗೆದ್ದಲು ಹತ್ತಿದ ಕಡೆಯೆಲ್ಲ ನಮ್ಮ ಗ್ರಂಥಸಂಪಾದನಶಾಸ್ತ್ರ ಹುಲುಸಾಗಿ ಬೆಳೆದಿದೆ. ಕ್ಯಾಸೆಟ್ಟಿನ ರೀಲು ಸಿಕ್ಕಿಕೊಂಡ ಕಡೆಗೆ ಮಾತ್ರ ಅದಿನ್ನೂ ಕಾಲಿಟ್ಟಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಹಬ್ಬ, ಜಾತ್ರೆ ಬಂದರೆ ಊರವರೇ ಬಣ್ಣ ಹಚ್ಚಿ ರಾತ್ರಿಯಿಡೀ 'ಕುರುಕ್ಷೇತ್ರ' ಆಡುತ್ತಾರೆ. ನೋಡಲು ಬಂದವರು ತಂತಮ್ಮ ಟೇಪ್ ರೆಕಾರ್ಡರಿನಲ್ಲಿ ಅದನ್ನು ತುಂಬಿಕೊಂಡು ಹೋಗುತ್ತಿದ್ದರು. ಆ ಕ್ಯಾಸೆಟ್ಟುಗಳು ಈಗಲೂ ಅಟ್ಟದ ಮೇಲೆ, ರೇಷ್ಮೆ ಹುಳು ಮನೆಯ ಗೂಡಿನಲ್ಲಿ, ಮುರಿದ ಚಂದ್ರಿಕೆಯ ಹಿಂದೆ ಬಿದ್ದಿವೆ. ಅವುಗಳ ಶುದ್ಧಪಾಠ ನಿರ್ಣಯವೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಪೂರ್ವಸೂರಿಗಳ ಸ್ಮರಣೆ. ಈ ಸೀಮೆಯಲ್ಲಿ ಧ್ವನಿಯನ್ನು ಹಿಡಿದಿಡುವ ಕೆಲಸಕ್ಕೆ ಗೌರವ ತಂದವರು ಎಚ್.ಎಲ್. ನಾಗೇಗೌಡರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ 1994ರಲ್ಲಿ ರಾಮನಗರದ ಹೆದ್ದಾರಿ ಪಕ್ಕ ಜಾನಪದ ಲೋಕವನ್ನೂ ಕಟ್ಟಿದರು. ಆದರೆ ಐ.ಎ.ಎಸ್. ಅಧಿಕಾರಿ ಮೈಕು ಹಿಡಿದರೆ ಅದು ಸಂಶೋಧನೆ, ದುರ್ಯೋಧನನ ಭಾಮೈದ ಹಿಡಿದರೆ ಅಭಿಮಾನ. ನಮ್ಮ ವಿಷಯ ಎರಡನೆಯದು. ಇನ್ನು 'ಶೋಲೆ'. 1975ರಲ್ಲಿ ಬಿಡುಗಡೆಯಾದ ಆ ಚಿತ್ರ ನಮ್ಮ ಬಂಡೆಗಳ ನಡುವೆಯೇ ತಯಾರಾಯಿತು. ಅದರ ಹಾಡಿನ ಜೊತೆಗೆ ಬರೀ ಮಾತುಗಳ ಗ್ರಾಮಫೋನ್ ತಟ್ಟೆಯೂ ಬಿಸಿ ದೋಸೆಯಂತೆ ಖರ್ಚಾಯಿತು. ಖಳನ ಮಾತು ಕೇಳಲು ಜನ ಕಾಸು ಬಿಚ್ಚುತ್ತಾರೆಂಬ ಸಿದ್ಧಾಂತ ಹೀಗೆ ರಾಮನಗರದಲ್ಲೇ ಸ್ಥಾಪಿತವಾಗಿದೆ. ದುರ್ಯೋಧನನ ಪಾರ್ಟಿಗೆ ಮಿಕ್ಕವರಿಗಿಂತ ಹೆಚ್ಚು ದುಡ್ಡು ಕಟ್ಟಲು ಊರಿನಲ್ಲಿ ಪೈಪೋಟಿ ಏಕೆ ನಡೆಯುತ್ತದೆಂಬುದಕ್ಕೂ ಬೇರೆ ಪ್ರಮಾಣ ಬೇಕಿಲ್ಲ.

ಪಾಶ್ಚಾತ್ಯರಲ್ಲಿ ಜೆರ್ರಿ ಗಾರ್ಸಿಯಾ ಎಂಬ ಗಿಟಾರ್ ವಾದಕ ಉಲ್ಲೇಖಾರ್ಹ. ಈತ 1964ರಲ್ಲಿ ಗೆಳೆಯನೊಬ್ಬನನ್ನು ಕೂರಿಸಿಕೊಂಡು ಕ್ಯಾಲಿಫೋರ್ನಿಯಾದಿಂದ ಕಾರು ಬಿಟ್ಟು, ಬಿಲ್ ಮನ್ರೋ ಮೊದಲಾದವರ ಬ್ಲೂಗ್ರಾಸ್ ಕಛೇರಿಗಳನ್ನು ಟೇಪು ಮಾಡಲು ಊರೂರು ಸುತ್ತಿದ. ಇಪ್ಪತ್ತು ವರ್ಷದ ಮೇಲೆ, 1984ರಲ್ಲಿ, ಇವನದೇ ಗ್ರೇಟ್‌ಫುಲ್ ಡೆಡ್ ತಂಡ ತನ್ನ ಕಛೇರಿಗಳಲ್ಲಿ ಟೇಪು ಮಾಡುವ ಅಭಿಮಾನಿಗಳಿಗೆಂದೇ ಜಾಗ ಮೀಸಲಿಟ್ಟಿತು. ನಮ್ಮಲ್ಲಿ ಅಂಥ ಮೀಸಲಾತಿ ಇರಲಿಲ್ಲ. ಮೈಕ್ ಸೆಟ್ಟಿನವನಿಗೆ ಒಂದು ಪೊಟ್ಟಣ ಬೀಡಿ ಕೊಟ್ಟು ಆಂಪ್ಲಿಫೈಯರ್ ಪಕ್ಕ ಕೂರಬೇಕಿತ್ತು.

ಈಗ ಗಣಿತ. ನಾಟಕ ಒಂಬತ್ತಕ್ಕೆ ಸರಿಯಾಗಿ ಎಂದು ಪಾಂಪ್ಲೆಟ್ಟಿನಲ್ಲಿ ಅಚ್ಚಾಗಿರುವುದರಿಂದ ಹತ್ತೂವರೆಗೆ ಶುರುವಾಗಿ ಬೆಳಗ್ಗೆ ಆರಕ್ಕೆ ಮುಗಿಯುತ್ತದೆ. ಅಲ್ಲಿಗೆ 450 ನಿಮಿಷ. ಸಿ-90 ಕ್ಯಾಸೆಟ್ಟಿನ ಒಂದು ಸೈಡಿಗೆ 45. ಅಂದರೆ ಐದು ಕ್ಯಾಸೆಟ್ಟು, ಹತ್ತು ಸೈಡು. ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುವ ಲೆಕ್ಕದಲ್ಲಿ ಇಡೀ ಕುರುಕ್ಷೇತ್ರದ ಉದ್ದ ಸುಮಾರು 1,285 ಮೀಟರ್. ಸಾವನದುರ್ಗದ ಎತ್ತರ 1,226. ವ್ಯಾಸರ ಕೃತಿ ಬೆಟ್ಟಕ್ಕಿಂತ ದೊಡ್ಡದೆಂದು ಹಿರಿಯರು ಹೇಳುತ್ತಿದ್ದುದು ಇಲ್ಲಿಗೆ ಸಾಬೀತು. ಆದರೆ ಹತ್ತು ಸೈಡೆಂದರೆ ನಡುವೆ ಒಂಬತ್ತು ಸಲ ತಿರುಗಿಸುವುದು, ಬದಲಿಸುವುದು. ಓಲೆ ಉದುರಿಹೋದ ಜಾಗವನ್ನು ಗ್ರಂಥಪಾತ ಎನ್ನುವಂತೆ ಇವು ಒಂಬತ್ತು ಗ್ರಂಥಪಾತಗಳು. ಅಭಿಮನ್ಯು ಚಕ್ರವ್ಯೂಹ ಹೊಕ್ಕದ್ದು ಎ ಸೈಡಿನಲ್ಲಿ. ಬಿ ಸೈಡು ಶುರುವಾದಾಗ ಸುಭದ್ರೆ ಅಳುತ್ತಿದ್ದಾಳೆ.

ಸೆಲ್ಲಿನ ಸಮಸ್ಯೆಯೂ ಉಂಟು. ರಾತ್ರಿ ಬೆಳೆದಂತೆ ಸೆಲ್ಲು ಇಳಿದು ರೀಲು ನಿಧಾನವಾಗುತ್ತದೆ. ಅದನ್ನು ಮನೆಯಲ್ಲಿ ಕರೆಂಟಿಗೆ ಹಾಕಿದರೆ ಮಾತು ವೇಗವಾಗಿ, ಶ್ರುತಿ ಏರಿ ಕೇಳುತ್ತದೆ. ಹೀಗಾಗಿ ಬೆಳಗಿನ ಜಾವದ ಭೀಷ್ಮ ಪಿತಾಮಹರು ಶರಶಯ್ಯೆಯಲ್ಲಿ ಮಲಗಿ ಮೊಮ್ಮಕ್ಕಳಿಗಿಂತ ಎಳೆಯ ದನಿಯಲ್ಲಿ ಚಟಪಟ ಧರ್ಮ ಬೋಧಿಸುತ್ತಾರೆ. ಇಚ್ಛಾಮರಣಿಗಳಾದವರಿಗೆ ಇಚ್ಛಾಯೌವನವೂ ಇತ್ತೆಂದು ಊಹಿಸಲು ಅಡ್ಡಿಯಿಲ್ಲ.

ಪ್ರತಿಗಳ ಪರಿಚಯಕ್ಕೆ ಬರೋಣ. 'ಕ' ಪ್ರತಿಯೇ ಭಾಮೈದ ಪ್ರತಿ. ಲಿಪಿಕಾರ ದುರ್ಯೋಧನ ಪಾತ್ರಧಾರಿಯ ಹೆಂಡತಿಯ ತಮ್ಮ. ಮುಂದಿನ ಸಾಲಿನ ಚಾಪೆಯಲ್ಲಿ ಕೂತು, ಭಾವ ಬಾಯಿ ತೆರೆದಾಗ ಗುಂಡಿ ಒತ್ತಿ, ಮುಚ್ಚಿದಾಗ ಬಿಟ್ಟಿದ್ದಾನೆ. ಪರಿಣಾಮವಾಗಿ ಈ ಪ್ರತಿಯಲ್ಲಿ ಪಾಂಡವರು ಅಲ್ಲಲ್ಲಿ ಬಂದು ಬೈಸಿಕೊಂಡು ಹೋಗುವ ದೂರದ ನೆಂಟರು. ಕೃಷ್ಣ ಸಂಧಾನಕ್ಕೆ ಬರುತ್ತಾನೆ, ಉತ್ತರ ಕೇಳುತ್ತಾನೆ, ಪ್ರಶ್ನೆ ಮಾತ್ರ ಟೇಪಿನಲ್ಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತೊಡೆ ಮುರಿಯುವ ಭಾಗವೇ ಇಲ್ಲ. ರೀಲು ಉಳಿದಿದೆ, ಮುದ್ರಣವಿಲ್ಲ. ಕಾರಣ ಅದೇ ಟೇಪಿನಲ್ಲಿ ಹತ್ತಿರದಿಂದ ಕೇಳುತ್ತದೆ. 'ಆಫ್ ಮಾಡೋ, ನಿಮ್ ಭಾವ ಸಾಯೋದ್ನ ಮನೇಲಿ ಹಾಕ್ಕೊಂಡು ಕೇಳ್ತೀಯೇನೋ' ಎಂದು ಹೆಂಗಸೊಬ್ಬಳ ದನಿ, ಆಮೇಲೆ ಟಕ್. ಇದನ್ನು ಪಕ್ಷಪಾತವೆಂದು ಹಗುರಾಗಿ ತಳ್ಳಿಹಾಕುವವರು ರನ್ನನನ್ನು ನೆನೆಯಬೇಕು. ಅವನು ತನ್ನ ದೊರೆ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಗದಾಯುದ್ಧ ಬರೆದ. ಅದು ಭೀಮನ ಕಡೆಯವರ ರೆಕಾರ್ಡಿಂಗ್. ಇದು ಹೆಣ್ಣು ಕೊಟ್ಟ ಮನೆಯವರದು.

'ಖ' ಪ್ರತಿ ಹಾರ್ಮೋನಿಯಂ ಮಗ್ಗುಲಲ್ಲಿ ಆದದ್ದು. ಇಲ್ಲಿ ನಾಟಕದ ಪ್ರತಿ ಸಾಲೂ ಎರಡು ಸಲ ಕೇಳುತ್ತದೆ. ಮೊದಲು ಹಾರ್ಮೋನಿಯಂ ಮೇಷ್ಟ್ರು ಎಲೆ ಅಡಿಕೆಯ ಬಾಯಲ್ಲಿ ಪಿಸುಗುಡುತ್ತಾರೆ, ಬಳಿಕ ಕರ್ಣ ಕಿರುಚುತ್ತಾನೆ. ಎರಡೂ ಒಂದೇ ಆಗಿದ್ದರೆ ನಮಗೇನು ಕೆಲಸವಿರುತ್ತಿತ್ತು? ಮೇಷ್ಟ್ರು ಕಂದವನ್ನು ಬಿಳಿ ನಾಲ್ಕಕ್ಕೆ ಎತ್ತಿಕೊಟ್ಟರೆ ಕರ್ಣ ಯಾವ ಮನೆಗೂ ಸೇರದ ಸ್ವರದಲ್ಲಿ ಹಿಡಿಯುತ್ತಾನೆ. ಮೇಷ್ಟ್ರು 'ಮಾತೆ' ಎಂದದ್ದು ಇವನ ಬಾಯಲ್ಲಿ 'ಮಾತೇ ಇಲ್ಲ' ಆಗುತ್ತದೆ. ಪಿಸುಮಾತೇ ಮೂಲಪಾಠ, ಕಿರುಚಿದ್ದು ಪಾಠಾಂತರ ಎಂಬುದು ನಮ್ಮ ನಿಲುವು. ತಂಡಗಳು ಆಯಾ ಊರಿನವು, ಅಲ್ಲಾಡುವುದಿಲ್ಲ. ಊರೂರು ತಿರುಗುವವರು ಈ ಮೇಷ್ಟ್ರು, ದ್ರೌಪದಿ ಪಾರ್ಟಿಗೆ ಹೊರಗಿಂದ ಕರೆಸುವ ಕಲಾವಿದೆ, ಮತ್ತು ಅರಮನೆ, ಕಾಡು, ರಣರಂಗಗಳನ್ನು ಸುರುಳಿ ಸುತ್ತಿಕೊಂಡು ಬರುವ ಸೀನರಿ ಲಾರಿ. ಆದ್ದರಿಂದಲೇ ಮಾಗಡಿ ಕಡೆಯ ಕ್ಯಾಸೆಟ್ಟಿನಲ್ಲೂ ಕನಕಪುರ ಕಡೆಯದರಲ್ಲೂ ಧರ್ಮರಾಯ ಜೂಜಿಗೆ ಕೂರುವ ಮುಂಚೆ ಮೇಷ್ಟ್ರ ಅದೇ ಒಂದು ಕೆಮ್ಮು ಕೇಳುತ್ತದೆ. ಪ್ರತಿಗಳ ವಂಶವೃಕ್ಷ ಬರೆಯಲು ಈ ಕೆಮ್ಮಿಗಿಂತ ಗಟ್ಟಿಯಾದ ಆಧಾರ ಸಿಗದು.

'ಗ' ಪ್ರತಿ ಮೊಬೈಲಿನದು. ಅದರಲ್ಲಿ ಮುಂದೆ ಕೂತವನ ತಲೆ ಚೆನ್ನಾಗಿ ಬಂದಿದೆ.

ಪ್ರಕ್ಷಿಪ್ತಗಳ ವಿಷಯ ವಿಸ್ತಾರವಾದದ್ದು. ಕಡಲೇಕಾಯಿಯವನು, ಜನರೇಟರು, ಮಗು, ನಾಯಿ ಇವೆಲ್ಲ ಸುಲಭವಾಗಿ ಗುರುತಾಗುತ್ತವೆ. ತೊಡಕಿರುವುದು ಆಯೇರಿಯಲ್ಲಿ. ದ್ರೌಪದಿಯ ಸೀರೆಗೆ ದುಶ್ಶಾಸನ ಕೈ ಹಾಕಿದ ಕ್ಷಣದಲ್ಲೇ ಮೈಕಿನಲ್ಲಿ ದುಶ್ಶಾಸನನಿಗೆ ಅವರ ಸೋದರಮಾವನವರಿಂದ ಐನೂರ ಒಂದು ರೂಪಾಯಿ, ಒಂದು ಬೆಳ್ಳಿ ಉಂಗುರ ಎಂದು ಘೋಷಣೆಯಾಗುತ್ತದೆ. ಅವನು ಸೀರೆ ಬಿಟ್ಟು, ಉಂಗುರ ತೊಟ್ಟು, ಮಾವನ ಕಾಲಿಗೆ ಬಿದ್ದು ಬಂದು ಮತ್ತೆ ಸೀರೆ ಹಿಡಿಯುತ್ತಾನೆ. ದ್ರೌಪದಿ ಅಷ್ಟು ಹೊತ್ತೂ ಕಾಯುತ್ತಾಳೆ. ಇದನ್ನು ಕತ್ತರಿಸಬೇಕೆಂದು ಒಂದು ಪಂಥ. ಕತ್ತರಿಸಿದರೆ ಆ ಕುಟುಂಬ ಮುಂದಿನ ವರ್ಷ ಚಂದಾ ಕೊಡುವುದಿಲ್ಲವೆಂದು ಇನ್ನೊಂದು ಪಂಥ. ನಾವು ಎರಡನೆಯದಕ್ಕೆ ಸೇರಿದವರು.

ಉಳಿದದ್ದು ಗೀತೋಪದೇಶದ ಸಮಸ್ಯೆ. ಕ್ಯಾಸೆಟ್ಟಿನ ನೆತ್ತಿಯಲ್ಲಿರುವ ಎರಡು ಪ್ಲಾಸ್ಟಿಕ್ ಹಲ್ಲು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗದು. ಆ ತೂತಿಗೆ ಕಾಗದ ತುರುಕಿದರೆ ಆಗುತ್ತದೆ. 'ಖ' ಪ್ರತಿಯ ನಾಲ್ಕನೆಯ ಕ್ಯಾಸೆಟ್ಟಿಗೆ ಯಾರೋ ಕಾಗದ ತುರುಕಿದ್ದಾರೆ. ಅರ್ಜುನನ ಗಾಂಡೀವ ತಬಲದವರ ಮೇಲೆ ಬಿದ್ದ ಸದ್ದು ಕೇಳುತ್ತದೆ. 'ದೇವಾ, ನಾನೀಗ ಏನು ಮಾಡಲಿ?' ಎನ್ನುತ್ತಾನೆ. ಟಕ್. ರೇಡಿಯೋದ ಕೃಷಿರಂಗದಲ್ಲಿ ಒಬ್ಬರು ಸಾವಧಾನವಾಗಿ ಮಾತಾಡುತ್ತಿದ್ದಾರೆ: ರೇಷ್ಮೆ ಹುಳು ನಾಲ್ಕನೇ ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು, ಅಲುಗಾಡಿಸಬಾರದು, ಮನೆಯಲ್ಲಿ ಗಾಳಿಯಾಡುವಂತೆ ನೋಡಿಕೊಳ್ಳಬೇಕು, ಎಲ್ಲವೂ ಜ್ವರದಿಂದೆದ್ದ ಮೇಲೆಯೇ ಸೊಪ್ಪು ಕೊಡಬೇಕು. ಮತ್ತೆ ಟಕ್. ಇದು ಪ್ರಕ್ಷಿಪ್ತವೆಂದು ಕೈಬಿಡಲು ನಾವೂ ಸಿದ್ಧರಿದ್ದೆವು. ಆದರೆ ಮುಂದಿನ ಸಾಲಿನಲ್ಲೇ ಅರ್ಜುನ, ತನ್ನ ಸಂಶಯವೆಲ್ಲ ಹರಿಯಿತು, ಗಾಂಡೀವ ಕೊಡು ಎನ್ನುತ್ತಾನೆ. ಜನ 'ಒನ್ಸ್ ಮೋರ್' ಎಂದು ಕೂಗುತ್ತಾರೆ.